ರಬ್ಬರ್ ಡಾಕ್ಟರ ಮನೆಯವರು

ಸೋದರತ್ತೆ ಮೂರನೆಯ ಸಲ ಬಟ್ಟೆಯನ್ನು ಸೀಮೆಎಣ್ಣೆಗೆ ಅದ್ದಿ ಹೆಣದ ತೋರುಬೆರಳನ್ನು ಉಜ್ಜತೊಡಗಿದಳು. ಕಪ್ಪು ಬಿಡುತ್ತಿರಲಿಲ್ಲ. ಉಗುರಿನ ಸುತ್ತ, ಉಗುರಿನ ಒಳಗೆ, ಬೆರಳ ತುದಿಯ ಒಂದೊಂದು ಗೆರೆಯಲ್ಲೂ ಅದು ಇಳಿದು ಕೂತಿತ್ತು. ಉಜ್ಜಿದ ರಭಸಕ್ಕೆ ತಣ್ಣಗಿನ ಚರ್ಮ ಬಟ್ಟೆಯ ಜೊತೆ ಹಿಂದೆ ಮುಂದೆ ಸರಿಯುತ್ತಿತ್ತೇ ಹೊರತು ಬಣ್ಣ ಮಾತ್ರ ಇದ್ದಲ್ಲೇ ಇತ್ತು.

“ಏನ್ ಕೆಲಸ ಮಾಡ್ತಿದ್ಲೇ ನಿಮ್ಮಮ್ಮ? ಇದ್ದಿಲು ಹೊರ್ತಿದ್ಲಾ?”

“ಬಿಡಿ ಅತ್ತೆ. ಅದು ಹೋಗಲ್ಲ,” ಎಂದಳು ಮಗಳು.

“ಹೋಗಲ್ಲ ಅಂತ ಹಾಗೇ ಕಳ್ಸೋಕಾಗುತ್ತಾ? ನಾಲ್ಕು ಜನ ಬಂದು ನೋಡೋ ಹೊತ್ತು. ಪಾತ್ರೆ ತಿಕ್ಕಿ ತಿಕ್ಕಿ ಮಾಡ್ಕೊಂಡಿರೋದು. ಮಲಗೋ ಮುಂಚೆ ಕೈಗೆ ಒಂಚೂರು ಎಣ್ಣೆ ಸವರ್ಕೊಳ್ಳೋಕೆ ಇವಳಿಗೇನಾಗಿತ್ತು ರೋಗ.”

ಬಾಗಿಲಿಗೆ ಒರಗಿ ನಿಂತಿದ್ದ ಎದುರುಮನೆಯಾಕೆ ಕತ್ತು ಚಾಚಿ ನೋಡಿದಳು. “ಇದು ಪಾತ್ರೆ ಕಪ್ಪಲ್ಲ ಬಿಡಿ. ಟಾರಿನ ಥರ ಇದೆ.”

ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಗಡ್ಡ ಕೆರೆದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಮೂವರ ಕಣ್ಣೂ ಆ ಬೆರಳಿನ ಮೇಲಿರುವುದನ್ನು ಕಂಡು ಒಂದು ಕ್ಷಣ ನಿಂತ.

“ಅದಾ? ನನ್ನ ಸಾಮಾನು ಒರೆಸಿ ಇಡ್ತಿದ್ಲು,” ಎಂದ. “ಬೇಡ ಕಣೇ, ನಾನೇ ಒರೆಸ್ಕೋತೀನಿ ಅಂದ್ರೂ ಕೇಳ್ತಿರ್ಲಿಲ್ಲ.”

“ನೋಡಿ, ಎಂಥ ಮನಸ್ಸು,” ಎಂದಳು ಎದುರುಮನೆಯಾಕೆ. ಅತ್ತೆ ಬಟ್ಟೆಯನ್ನು ಬದಿಗಿಟ್ಟು ಹೆಣದ ಎರಡೂ ಕೈಗಳನ್ನು ಬಿಳಿ ಹೊದಿಕೆಯ ಒಳಗೆ ತಳ್ಳಿದಳು.

ಮಗಳು ಅಪ್ಪನ ಹಿಂದೆಯೇ ಒಳಕೋಣೆಗೆ ನಡೆದು ಬಾಗಿಲು ಮುಂದೆ ಮಾಡಿದಳು. ಅಪ್ಪ ಬೀರುವಿನ ಕನ್ನಡಿಯಲ್ಲಿ ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

“ಮೂರು ಗಂಟೆಗೆ ಗಾಡಿ ಹೊರಡುತ್ತೆ,” ಎಂದಳು. “ಅದಕ್ಕೆ ಮುಂಚೆ ಹೊರಗೆ ಕೂತಿರೋರ ಎದುರು ನೀವೊಂದು ಮಾತು ಹೇಳ್ಬೇಕು. ಕೆಲಸ ಅವಳದ್ದು ಅಂತ. ಒಂದೇ ಮಾತು. ಹೇಗಾಯ್ತು, ಯಾಕೆ ಮುಚ್ಚಿಟ್ರಿ, ಏನೂ ಬೇಡ.”

“ಇವತ್ತಾ?”

“ಇನ್ಯಾವತ್ತು?”

ಅಪ್ಪ ಮಂಚದ ಅಂಚಿನ ಮೇಲೆ ಕೂತ. ಹಾಸಿಗೆಯ ಅರ್ಧ ಭಾಗ ಇನ್ನೂ ತಗ್ಗಾಗಿತ್ತು. ಅದನ್ನು ಬಿಟ್ಟು ಈಚೆಗೆ ಕೂತ. “ನೀರಿನ ಆಫೀಸಲ್ಲಿ ಮೂವತ್ತೆಂಟು ವರ್ಷ ಕುರ್ಚಿ ಸವೆಸಿದೆ. ನನಗೆ ಅಂತ ಎದ್ದು ನಿಂತೋನು ಒಬ್ಬನಿಲ್ಲ. ಈ ಬೀದೀಲಿ ಡಾಕ್ಟ್ರೇ ಅಂತಾರೆ. ಚಿಕ್ಕ ಮಕ್ಕಳೂ ಅಂತಾರೆ. ಅದೂ ಹೋದ್ರೆ ನಾನು ಏನಾಗಿ ಬದುಕ್ಲಿ?”

“ಅಮ್ಮ ಏನಾಗಿ ಸತ್ತಳು?”

ಅಪ್ಪ ಅಂಗಿಯ ತೋಳಿನ ಮೇಲೆ ಇಲ್ಲದ ಧೂಳನ್ನು ಕೊಡವಿದ. “ನೋಡೋಣ,” ಎಂದು ಎದ್ದು ಹೋದ.

*

ಮಗಳಿಗೆ ಆಗ ಎಂಟು ವರ್ಷ. ಇಬ್ಬರ ಕೈ ದಾಟಿ ಇವರ ಮನೆಗೆ ಬಂದಿದ್ದ ಬೂದುಬಣ್ಣದ ಕಾರು. ಮಳೆ ಬಂದರೆ ಎಡಗಡೆ ಬಾಗಿಲಿನ ಮೇಲಂಚಿನಿಂದ ನೀರು ದಾರವಾಗಿ ಇಳಿದು ನೇರ ಅಮ್ಮನ ತೊಡೆಗೆ ಬೀಳುತ್ತಿತ್ತು. ಅಮ್ಮ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದಳು. ಅಪ್ಪ ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಡಬ್ಬಿ ಸರಿಯಾಗಿ ಹಿಡ್ಕೋ, ಸೀಟು ಹಾಳಾಗುತ್ತೆ,” ಎನ್ನುತ್ತಿದ್ದ.

ಗ್ಯಾರೇಜಿನವನು ನಾಲ್ಕೂ ಬಾಗಿಲಿನ ಅಂಚಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿ, ಬೀಡಿಂಗ್, ಬದಲಾಯಿಸಬೇಕು ಎಂದು ಒಂದು ಮೊತ್ತ ಹೇಳಿದ. ಮನೆಗೆ ಬಂದ ಮೇಲೆ ಅಪ್ಪನ ಊಟದ ತಟ್ಟೆ ಗೋಡೆಗೆ ಬಡಿಯಿತು.

ಮರುದಿನ ಅವನು ಆಫೀಸಿಗೆ ಹೋದ ಮೇಲೆ ಅಮ್ಮ ಎಡಬಾಗಿಲಿನ ಬೀಡಿಂಗನ್ನು ಮೆಲ್ಲಗೆ ಕಿತ್ತು ಅಡುಗೆಮನೆಯ ನೆಲದ ಮೇಲೆ ಹಾವಿನ ಹಾಗೆ ಹಾಸಿದಳು. ಒಳಗೆ ಟೊಳ್ಳು. ವರ್ಷಗಟ್ಟಲೆ ಬಾಗಿಲ ಕೆಳಗೆ ನಲುಗಿ, ಹಿಂಡಿ ಮುಗಿಸಿದ ಪೇಸ್ಟಿನ ಟ್ಯೂಬಿನಂತೆ ಚಪ್ಪಟೆಯಾಗಿತ್ತು. ಅವಳು ಬಣ್ಣದ ಮೀನು ಮಾರುವ ಅಂಗಡಿಯಿಂದ ಗಾಜಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪೈಪು ತಂದಳು. ಸೋಪಿನ ನೀರು ಸವರಿ, ಸ್ವೆಟರ್ ಹೆಣೆಯುವ ಕಡ್ಡಿಯ ತುದಿಗೆ ಪೈಪು ಕಟ್ಟಿ, ಗೇಣು ಗೇಣಾಗಿ ಟೊಳ್ಳಿನೊಳಗೆ ತೂರಿಸಿದಳು. ಚಪ್ಪಟೆ ರಬ್ಬರ್ ಉಸಿರು ಬಂದಂತೆ ಉಬ್ಬಿಕೊಂಡಿತು. ಬಿರುಕು ಬಿಟ್ಟ ಕಡೆಯೆಲ್ಲ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಹಳೆಯ ಸೈಕಲ್ ಟ್ಯೂಬಿನ ತೇಪೆ ಕತ್ತರಿಸಿ, ಪಂಕ್ಚರಿಗೆ ಹಾಕುವ ಸಲ್ಯೂಷನ್ ಹಚ್ಚಿ ಅಂಟಿಸಿದಳು.

ಸಂಜೆಗೆ ತೇಪೆಗಳೆಲ್ಲ ಕಳಚಿ ಬಿದ್ದವು. ಮರುದಿನವೂ ಬಿದ್ದವು. ಮೂರನೆಯ ದಿನ ಸೈಕಲ್ ಅಂಗಡಿಯ ಮುದುಕ ನಕ್ಕು ಹೇಳಿಕೊಟ್ಟ: ಹಸಿಯಲ್ಲಿ ಕೂಡಿಸಬಾರದಮ್ಮ. ಎರಡೂ ಕಡೆ ಹಚ್ಚು, ಬೇರೆ ಬೇರೆ ಇಡು, ಹತ್ತು ನಿಮಿಷ ಮುಟ್ಟಬೇಡ. ಬೆರಳ ಹಿಂಭಾಗಕ್ಕೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಿ ಒತ್ತು. ಆಮೇಲೆ ನೀನು ಬೇಡ ಅಂದರೂ ಬಿಡಲ್ಲ.

ಧೂಳು ಕೂತರೆ ಸಲ್ಯೂಷನ್ ಕೆಡುತ್ತದೆಂದು ಅಮ್ಮ ಮನೆಯ ಪಕ್ಕದ ಶೆಡ್ಡಿನ ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿ ಕೆಲಸ ಮಾಡುತ್ತಿದ್ದಳು. ಒಳಗಿನ ಘಾಟಿಗೆ ಮೂಗು ಉರಿಯುತ್ತಿತ್ತು. ಅವಳ ಎರಡು ಕೈಯಲ್ಲಿ ಎರಡು ತುಂಡು, ನಡುವೆ ಒಂದು ಮೊಳ ದೂರ. “ಎಣಿಸು,” ಎನ್ನುತ್ತಿದ್ದಳು. ಮಗಳು ಆರುನೂರರವರೆಗೆ ಎಣಿಸುತ್ತಿದ್ದಳು.

ಅಪ್ಪ ಮೊದಲ ದಿನ ಬಾಗಿಲ ಮೇಲೆ ಒಂದು ಬಕೆಟ್ ನೀರು ಸುರಿದು ಒಳಗೆ ಮುಟ್ಟಿ ನೋಡಿದ. ಇನ್ನೊಂದು ಬಕೆಟ್ ಸುರಿದ. ಆಫೀಸಿನಲ್ಲಿ ಹೆಡ್ ಕ್ಲರ್ಕು, “ಏನ್ರೀ, ರಬ್ಬರ್ ಹೊಸದು ಹಾಕಿಸಿದ್ರಾ?” ಎಂದು ಕೇಳಿದಾಗ, “ಇಲ್ಲ ಸಾರ್, ಮನೇಲೇ ಮಾಡಿದ್ದು,” ಎಂದ. ಅದು ಸುಳ್ಳಾಗಿರಲಿಲ್ಲ. ಮುಂದಿನ ವಾರ ಹೆಡ್ ಕ್ಲರ್ಕಿನ ಕಾರು ಮನೆಯ ಮುಂದೆ ನಿಂತಿತು. “ನೀವೇ ಮಾಡಿದ್ದಾ?” ಎಂಬ ಪ್ರಶ್ನೆಗೆ ಅಪ್ಪ ನಕ್ಕ. ಆ ನಗುವೂ ಸುಳ್ಳಾಗಿರಲಿಲ್ಲ. ಮೂರನೆಯ ಕಾರು ಬರುವ ಹೊತ್ತಿಗೆ, “ನಾನೇ,” ಎನ್ನುವುದು ರೂಢಿಯಾಗಿಹೋಗಿತ್ತು.

ಬಡಾವಣೆಯ ಸಂಘದವರು ತಿಂಗಳಿಗೊಮ್ಮೆ ಹಂಚುವ ಹಾಳೆಯಲ್ಲಿ ಅಪ್ಪನದೊಂದು ಬರಹ ಬಂತು: ‘ಕಾರಿನ ಸವೆದ ರಬ್ಬರ್, ಕಡಿಮೆ ಖರ್ಚಿನಲ್ಲಿ ನೀವೇ ಸರಿಪಡಿಸಿ’. ಹತ್ತು ನಿಮಿಷ ಎಂಬುದು ಅವನ ಕಿವಿಗೆ ಬಿದ್ದಿತ್ತು. ಆ ಹತ್ತು ನಿಮಿಷದಲ್ಲಿ ಶೆಡ್ಡಿನೊಳಗೆ ಏನಾಗುತ್ತದೆಂದು ಅವನು ಯಾವತ್ತೂ ಇಣುಕಿರಲಿಲ್ಲ. ‘ಸಲ್ಯೂಷನ್ ಹಚ್ಚಿದ ಕೂಡಲೇ ಅಂಟಿಸಿ ಹತ್ತು ನಿಮಿಷ ಗಟ್ಟಿಯಾಗಿ ಹಿಡಿಯಿರಿ’ ಎಂದು ಬರೆದ. ಓದಿದವರು ಹಾಗೇ ಮಾಡಿದರು. ಯಾರಿಗೂ ನಿಲ್ಲಲಿಲ್ಲ. ಎಲ್ಲರೂ ಕಾರು ತಂದು ಇವರ ಮನೆಯ ಮುಂದೆ ಬಿಟ್ಟರು. “ಬರೆದದ್ದು ಓದಿ ಮಾಡಿದ್ರೆ ಬರಲ್ಲ ಕಣ್ರೀ, ಅದು ಕೈಗುಣ,” ಎಂದರು. ರಬ್ಬರ್ ಡಾಕ್ಟರ್ ಎಂಬ ಹೆಸರು ಬಂದದ್ದು ಆಗ. ಕೈಗುಣದ ಮಾತನ್ನು ಕೇಳಿ ಕೇಳಿ ಅಪ್ಪನೂ ಅದನ್ನು ನಂಬಿದ.

ಹದಿನಾಲ್ಕನೆಯ ವಯಸ್ಸಿಗೆ ಮಗಳು ಒಂದು ಭಾನುವಾರ, ನಾಲ್ಕೈದು ಜನ ಅಂಗಳದಲ್ಲಿ ನಿಂತಿದ್ದಾಗ, “ಮಾಡೋದೆಲ್ಲ ನಮ್ಮಮ್ಮ,” ಎಂದಳು. ಅಪ್ಪ ಗಟ್ಟಿಯಾಗಿ ನಕ್ಕ. “ಅವಳು ಗಮ್ ವಾಸನೆಗೇ ಓಡಿಹೋಗ್ತಾಳೆ.” ಎಲ್ಲರೂ ನಕ್ಕರು. ಅಮ್ಮನೂ ಟೀ ಲೋಟಗಳ ಟ್ರೇ ಹಿಡಿದು ನಕ್ಕಳು. ಆಮೇಲೆ ಮಗಳನ್ನು ಅಡುಗೆಮನೆಗೆ ಎಳೆದೊಯ್ದು ಕೆನ್ನೆಗೆ ಒಂದು ಕೊಟ್ಟಳು.

“ಹೇಳ್ಬೇಕಾದೋರು ಅವರು. ನೀನು ಹೇಳಿದ್ರೆ ಅದು ಚಾಡಿ. ಅವರು ಹೇಳಿದ್ರೆ ಮಾತ್ರ ಅದು ಮಾತು.”

“ಯಾವಾಗ ಹೇಳ್ತಾರೆ?”

“ಹೇಳ್ತಾರೆ. ಅವರಿಗೆ ಗೊತ್ತಿಲ್ವಾ,” ಎಂದು ಅಮ್ಮ ಒಲೆಯ ಕಡೆ ತಿರುಗಿದಳು.

*

ಒಂದೂವರೆಯ ಹೊತ್ತಿಗೆ ಅಂಗಳದ ಬಾಡಿಗೆ ಕುರ್ಚಿಗಳೆಲ್ಲ ತುಂಬಿದ್ದವು. ಬಿಸಿಲು ತಿರುಗಿದಂತೆ ಜನ ಕುರ್ಚಿಯನ್ನು ಎಳೆದೆಳೆದು ನೆರಳಿಗೆ ಹಾಕಿಕೊಳ್ಳುತ್ತಿದ್ದರು. ಮಗಳು ನೀರಿನ ಲೋಟ ಹಂಚುತ್ತಾ ಸುತ್ತುತ್ತಿದ್ದಳು. ಊರಾಚೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವ ಕೆಲಸ ಅವಳದ್ದು. ಜನರ ಮುಖ ನೋಡದೆ ಕೈ ಮಾತ್ರ ನೋಡುವುದು ಅಭ್ಯಾಸವಾಗಿತ್ತು.

“ಆಕೆ ಹೇಗಿದ್ರು?” ಹೊಸದಾಗಿ ಬಾಡಿಗೆಗೆ ಬಂದಿದ್ದ ಟೈಲರ್ ಪಕ್ಕದವನನ್ನು ಕೇಳುತ್ತಿದ್ದ. “ನಾನು ಮಾತಾಡ್ಸಿದ್ದೇ ಇಲ್ಲ.”

“ಸಾಧು ಹೆಂಗಸು,” ಎಂದ ಸಂಘದ ಕಾರ್ಯದರ್ಶಿ. ಬಡಾವಣೆಯಲ್ಲಿ ಯಾರ ಮನೆಯಲ್ಲಿ ಏನಾದರೂ ಮುಂದೆ ನಿಂತು ನಡೆಸುವವನು ಅವನೇ. “ಟೀ ಚೆನ್ನಾಗಿ ಮಾಡೋರು.”

“ಸಕ್ಕರೆ ಸ್ವಲ್ಪ ಜಾಸ್ತಿ,” ಎಂದ ಇನ್ನೊಬ್ಬ.

“ಹೌದು, ಸಕ್ಕರೆ ಜಾಸ್ತಿ ಹಾಕೋರು.”

ಅಲ್ಲಿಗೆ ಆ ಮಾತು ಮುಗಿಯಿತು. ಅವಳ ಬಗ್ಗೆ ಇನ್ನೇನಾದರೂ ಇದೆಯೇ ಎಂದು ಮೂವರೂ ಒಂದಿಷ್ಟು ಹೊತ್ತು ಹುಡುಕಿದರು. ಸಿಗಲಿಲ್ಲ.

ಅಪ್ಪ ಗೇಟಿನ ಬಳಿ ಕೈಕಟ್ಟಿ ನಿಂತಿದ್ದ. ಬಂದವರು ಅವನ ಮೊಣಕೈ ಹಿಡಿದು, “ಡಾಕ್ಟ್ರೇ, ಧೈರ್ಯ ತಗೊಳ್ಳಿ,” ಎನ್ನುತ್ತಿದ್ದರು. ಒಬ್ಬ ಹೆಗಲು ತಬ್ಬಿ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ದನಿ ತಗ್ಗಿಸಿ, “ಇವತ್ತು ಕೇಳ್ಬಾರದು. ಕಾರಿನ ಡಿಕ್ಕಿ ಒಳಗೆ ಮತ್ತೆ ನೀರು ಇಳೀತಾ ಇದೆ,” ಎಂದ.

“ಮೂಲೇಲಾ, ಮಧ್ಯದಲ್ಲಾ?” ಎಂದು ಕೇಳಿದ ಅಪ್ಪ.

“ಮೂಲೇಲಿ.”

“ಮೂಲೆ ಆದ್ರೆ ತೇಪೆ ಸಾಕು. ತಂದು ಬಿಡಿ.”

ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದ ಮಗಳು ತಲೆ ಎತ್ತಿದಳು. ಅಪ್ಪನ ಕಣ್ಣು ಅವಳನ್ನು ತಾಕಿ ಪಕ್ಕಕ್ಕೆ ಸರಿಯಿತು. ಅವಳು ಹತ್ತಿರ ಹೋಗಿ ಲೋಟ ಒಡ್ಡಿದಳು.

“ನೀರು ಕುಡೀರಿ. ಗಂಟಲು ಸರಿಯಾಗುತ್ತೆ. ಎಲ್ಲಾ ಬಂದಾಯ್ತು, ಈಗ ಹೇಳಿ.”

“ಜನ ಊಟ ಇಲ್ದೆ ಕೂತಿದಾರೆ. ಈಗ ಭಾಷಣ ಮಾಡ್ಲಾ?”

“ಭಾಷಣ ಕೇಳ್ಲಿಲ್ಲ ನಾನು.”

“ಆಯ್ತಮ್ಮ, ಗಾಡಿ ಬರ್ಲಿ. ಎತ್ತೋ ಮುಂಚೆ ಹೇಳ್ತೀನಿ,” ಎಂದ ಅಪ್ಪ. ಹೇಳಿಯಾನು ಎಂದು ಮಗಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ಅನ್ನಿಸಿತು. ಅವನ ಕಣ್ಣಂಚು ಕೆಂಪಾಗಿತ್ತು.

*

ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದಳು. ಚಿಕ್ಕ ವಯಸ್ಸಿನ ಹುಡುಗಿ. ಅಮ್ಮ ಆಮ್ಲಜನಕದ ಮುಖವಾಡದೊಳಗೆ ಕಣ್ಣು ಮುಚ್ಚಿದ್ದಳು.

“ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?”

“ಛೆ ಛೆ,” ಎಂದ ಅಪ್ಪ. “ನಮ್ಮನೇಲಿ ಯಾರಿಗೂ ಯಾವ ದುರಭ್ಯಾಸವೂ ಇಲ್ಲ.”

“ಇವರು ಏನಾದ್ರೂ ಕೆಲಸ ಮಾಡ್ತಿದ್ರಾ? ಪೇಂಟು, ಕೆಮಿಕಲ್ಲು, ಆ ಥರದ್ದು?”

ಮಗಳು ಅಮ್ಮನ ಕೈ ನೋಡಿದಳು. ಡಾಕ್ಟರೂ ನೋಡುತ್ತಿದ್ದಳು. ಅಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿದ.

“ಮನೆಗೆಲಸ ಅಷ್ಟೆ,” ಎಂದ.

ಅಮ್ಮ ಕಣ್ಣು ತೆರೆದಳು. ಮುಖವಾಡದ ಒಳಗೆ ಹಬೆ ಕಟ್ಟಿತು. ಏನೋ ಹೇಳುತ್ತಿದ್ದಾಳೆಂದು ಮಗಳು ಬಗ್ಗಿ ಕಿವಿ ಕೊಟ್ಟಳು. ಅವಳು ಬರಿದೇ ಉಸಿರಾಡುತ್ತಿದ್ದಳು. ಕಣ್ಣು ಮಾತ್ರ ಅಪ್ಪನ ಮೇಲಿತ್ತು. ಡಾಕ್ಟರು ಕಾಗದದ ಮೇಲೆ ‘ಗೃಹಿಣಿ’ ಎಂದು ಬರೆದುಕೊಂಡಳು.

*

ಗಾಡಿ ಎರಡೂಕಾಲಿಗೆ ಬಂತು. ಹಳೆಯ ವ್ಯಾನು. ಹಿಂಬಾಗಿಲಿನ ಸುತ್ತಲಿನ ರಬ್ಬರ್ ಬೀಡಿಂಗ್ ಮೇಲಿನ ಮೂಲೆಯಲ್ಲಿ ಕಳಚಿಕೊಂಡು ಅರ್ಧ ಬಾಗಿಲಿನುದ್ದ ಜೋತಾಡುತ್ತಿತ್ತು. ಚಾಲಕ ಇಳಿದವನೇ ಅದನ್ನು ಒಳಕ್ಕೆ ತುರುಕಿದ. ಅದು ಮತ್ತೆ ಹೊರಬಿತ್ತು.

“ಇದು ಸಿಕ್ಕಾಕೊಂಡ್ರೆ ಬಾಗಿಲು ಲಾಕ್ ಆಗಲ್ಲ,” ಎಂದ. “ಹಗ್ಗ ಇದೆ, ಕಟ್ಕೊಂಡು ಹೋಗ್ತೀನಿ. ದಾರೀಲಿ ರಸ್ತೆ ಅಗೆದಿದಾರೆ, ಧೂಳು ಒಂಚೂರು ಒಳಗೆ ಬರುತ್ತೆ. ಏನ್ಮಾಡೋದು.”

“ಹಗ್ಗನಾ?” ಕಾರ್ಯದರ್ಶಿ ಎದ್ದುಬಂದ. “ಇದು ಯಾರ ಮನೆ ಅಂತ ಗೊತ್ತೇನಯ್ಯಾ? ರಬ್ಬರ್ ಡಾಕ್ಟರ ಮನೆ. ಈ ಮನೆಯಿಂದ ಬಾಗಿಲಿಗೆ ಹಗ್ಗ ಕಟ್ಟಿದ ಗಾಡಿ ಹೋದ್ರೆ ನಗ್ತಾರೆ.”

ಯಾರೂ ನಗಲಿಲ್ಲ. ಕುರ್ಚಿಗಳಿಂದ ಒಬ್ಬೊಬ್ಬರೇ ಎದ್ದು ವ್ಯಾನಿನ ಹಿಂದೆ ಸೇರಿದರು. ಎಲ್ಲರ ಮುಖ ಗೇಟಿನ ಕಡೆ ತಿರುಗಿತು.

“ಡಾಕ್ಟರಿಗೆ ಹತ್ತು ನಿಮಿಷದ ಕೆಲಸ,” ಎಂದ ಡಿಕ್ಕಿಯವನು. “ಆಕೆಗೂ ಒಂದು ಕೊನೇ ಸೇವೆ ಆದ ಹಾಗಾಯ್ತು.”

ಅಪ್ಪ ಬಂದು ಬೀಡಿಂಗನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ತಲೆ ಆಡಿಸಿದ. ಶೆಡ್ಡಿನ ಕಡೆ ನಡೆದ. ಹೋಗುವಾಗ ಮಗಳಿಗೆ ಬಾ ಎಂದು ಕಣ್ಣಲ್ಲೇ ಹೇಳಿದ.

ಶೆಡ್ಡಿನಲ್ಲಿ ಅವನು ಮೊದಲು ಒಂದು ಡಬ್ಬಿ ತೆರೆದ. ಮೊಳೆಗಳು. ಇನ್ನೊಂದು ತೆರೆದ. ಗುಂಡಿಗಳು. “ಎಲ್ಲಿಟ್ಟಿದಾಳೆ?” ಎಂದು ಪಿಸುಗುಟ್ಟಿದ.

ಮಗಳು ಮೇಲಿನ ಹಲಗೆಯ ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಸಲ್ಯೂಷನ್ ಟ್ಯೂಬು, ಉಪ್ಪುಕಾಗದ, ಥಿನ್ನರ್ ಶೀಶೆ, ಬಟ್ಟೆಚೂರು, ಎಲ್ಲ ಅದರದರ ಜಾಗದಲ್ಲಿದ್ದವು.

“ನೀನೇ ಮಾಡ್ಬಿಡು ತಾಯಿ,” ಎಂದ ಅಪ್ಪ. “ನಿನಗೆ ಗೊತ್ತಲ್ಲ. ನನ್ನ ಕೈ ನಡುಗ್ತಿದೆ ಅಂತ ಹೇಳ್ತೀನಿ.”

“ಅಮ್ಮ ಇಷ್ಟು ವರ್ಷ ಮಾಡ್ತಿದ್ಲು, ಮಗಳಿಗೆ ಅವಳು ಕಲ್ಸಿದ್ದಾಳೆ ಅಂತ ಹೇಳಿ. ಮಾಡ್ತೀನಿ.”

ಹೊರಗೆ ಯಾರೋ ಕೆಮ್ಮಿದರು. ಅಪ್ಪ ಟ್ಯೂಬನ್ನು ಅವಳ ಕೈಯಿಂದ ತೆಗೆದುಕೊಂಡ. “ಹತ್ತು ನಿಮಿಷ ಹಿಡಿಯೋಕೆ ನನಗೆ ಬರಲ್ವಾ,” ಎಂದು ಹೊರಬಿದ್ದ.

ಸುತ್ತ ಜನ ನಿಂತದ್ದೇ ಅವನ ಬೆನ್ನು ನೆಟ್ಟಗಾಯಿತು. ತೋಳು ಮಡಿಸಿದ. “ಮೊದಲು ಒರೆಸ್ಬೇಕು,” ಎಂದು ಒರೆಸಿದ. “ಆಮೇಲೆ ಸಲ್ಯೂಷನ್. ಧಾರಾಳ ಬೇಡ.” ಧಾರಾಳವಾಗಿ ಹಚ್ಚಿದ. ಕಪ್ಪು ಅಂಟು ಇಳಿದು ಬಿಳಿ ಅಂಗಿಯ ತೋಳಿಗೆ ಬಿತ್ತು. ಹಸಿ ಇರುವಾಗಲೇ ಬೀಡಿಂಗನ್ನು ಚೌಕಟ್ಟಿಗೆ ಕೂಡಿಸಿ ಎರಡೂ ಅಂಗೈಯಿಂದ ಒತ್ತಿ ಹಿಡಿದ. “ಇನ್ನು ಹತ್ತು ನಿಮಿಷ.”

ಮಗಳಿಗೆ ಆಗಲೇ ಗೊತ್ತಾಯಿತು. ಅವಳು ಗೋಡೆಗೆ ಒರಗಿ ನಿಂತಳು. ಬೇರೆ ಬೇರೆ ಇಡಿ ಅಪ್ಪ ಎಂಬ ನಾಲ್ಕು ಪದದ ಮಾತು ಅವಳ ನಾಲಿಗೆಯ ಮೇಲಿತ್ತು. ಹೇಳಲಿಲ್ಲ. ಒಳಗೊಳಗೆ ಎಣಿಸತೊಡಗಿದಳು. ನಡುಮನೆಯ ಕಿಟಕಿಯಿಂದ ಬಿಳಿ ಹೊದಿಕೆಯ ಒಂದು ತುದಿ ಕಾಣುತ್ತಿತ್ತು. ಅತ್ತೆ ಅದರ ಮೇಲೆ ಕೂತ ನೊಣ ಓಡಿಸುತ್ತಿದ್ದಳು. ಬಿಸಿಲಲ್ಲಿ ಅಪ್ಪನ ಕುತ್ತಿಗೆಯಿಂದ ಬೆವರಿಳಿಯಿತು. ಯಾರೋ ಛತ್ರಿ ಹಿಡಿದರು. ಚಾಲಕ ಗಡಿಯಾರ ನೋಡಿ, “ಸ್ಮಶಾನದಲ್ಲಿ ಮೂರೂವರೆಗೆ ಒಲೆ ಕೊಟ್ಟಿದಾರೆ. ತಪ್ಪಿದ್ರೆ ಆರಕ್ಕೆ,” ಎಂದ.

“ತಡಿಯಯ್ಯಾ,” ಎಂದ ಕಾರ್ಯದರ್ಶಿ. “ಕೆಲಸ ನೋಡು.”

ಆರುನೂರಾಯಿತು. ಅಪ್ಪ ಮೆಲ್ಲಗೆ ಅಂಗೈ ತೆಗೆದ. ಬೀಡಿಂಗ್ ಒಂದು ಕ್ಷಣ ನಿಂತಿತು. ಆಮೇಲೆ ಮೇಲಿನ ಮೂಲೆಯಿಂದ ಬಿಟ್ಟುಕೊಳ್ಳುತ್ತಾ, ಅಂಟಿನ ಎಳೆ ಎಳೆಯುತ್ತಾ, ನಿಧಾನವಾಗಿ ಬಾಗಿ ಅವನ ಹೆಗಲ ಮೇಲೆ ಬಂದು ಬಿತ್ತು.

ಈಗ ಹೇಳುತ್ತಾನೆ ಎಂದುಕೊಂಡಳು ಮಗಳು. ಇನ್ನು ಬೇರೆ ದಾರಿ ಇಲ್ಲ.

ಅಪ್ಪ ಟ್ಯೂಬನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ.

“ಮುಚ್ಚಳ ಸರಿಯಾಗಿ ಹಾಕಿಟ್ಟಿಲ್ಲ ಅವಳು,” ಎಂದ. “ಎಷ್ಟು ಸಲ ಹೇಳಿದೀನಿ. ಗಾಳಿಯಾಡಿ ಸತ್ವ ಹೋಗಿದೆ.”

“ಪಾಪ, ಅವರಿಗೇನು ಗೊತ್ತಾಗುತ್ತೆ,” ಎಂದ ಟೈಲರ್.

“ಕೈಯೂ ನಡುಗ್ತಿದೆ ಅವರದ್ದು. ಇಂಥ ದಿನ ಯಾರಿಗೆ ತಾನೇ ಆಗುತ್ತೆ,” ಎಂದ ಡಿಕ್ಕಿಯವನು. ಜನ ಅಪ್ಪನನ್ನು ಮೊದಲಿಗಿಂತ ಹೆಚ್ಚು ಕನಿಕರದಿಂದ ನೋಡಿದರು. ಚಾಲಕ ಹಗ್ಗ ತರಲು ಮುಂದೆ ಹೋದ.

“ಹಗ್ಗ ಬೇಡ,” ಎಂದಳು ಮಗಳು.

ಅಪ್ಪನ ಕೈಯಿಂದ ಅದೇ ಟ್ಯೂಬನ್ನು ತೆಗೆದುಕೊಂಡಳು. ಥಿನ್ನರಿನಲ್ಲಿ ಬಟ್ಟೆ ಅದ್ದಿ ಅವನು ಹಚ್ಚಿದ್ದನ್ನೆಲ್ಲ ಒರೆಸಿ ತೆಗೆದಳು. ಉಪ್ಪುಕಾಗದದಿಂದ ಎರಡೂ ಕಡೆ ಉಜ್ಜಿದಳು. ಚೌಕಟ್ಟಿಗೆ ತೆಳುವಾಗಿ ಒಂದು ಸಲ, ರಬ್ಬರಿಗೆ ತೆಳುವಾಗಿ ಒಂದು ಸಲ ಸಲ್ಯೂಷನ್ ಸವರಿದಳು. ಆಮೇಲೆ ರಬ್ಬರನ್ನು ಎತ್ತಿ ಚೌಕಟ್ಟಿನಿಂದ ಒಂದು ಮೊಳ ದೂರ ಹಿಡಿದು ಸುಮ್ಮನೆ ನಿಂತಳು.

“ಅಂಟಿಸಮ್ಮಾ. ಏನ್ ನೋಡ್ತಾ ನಿಂತಿದೀಯ?” ಎಂದ ಚಾಲಕ.

“ಒಣಗ್ಬೇಕು.”

“ಒಣಗಿದ್ ಮೇಲೆ ಅಂಟೋದು ಹೆಂಗೆ?” ಎಂದ ಕಾರ್ಯದರ್ಶಿ.

ಅಪ್ಪ ರಬ್ಬರಿಗೂ ಚೌಕಟ್ಟಿಗೂ ನಡುವಿನ ಖಾಲಿ ಜಾಗವನ್ನು ನೋಡುತ್ತಿದ್ದ. ಅವನ ತುಟಿ ತುಸು ತೆರೆದುಕೊಂಡಿತ್ತು. ಇಷ್ಟು ವರ್ಷ ಮುಚ್ಚಿದ ಶೆಡ್ಡಿನ ಈಚೆ ನಿಂತು ಕಾದ ಹತ್ತು ನಿಮಿಷ ಅವನಿಗೆ ಈಗ ಮೊದಲ ಸಲ ಕಾಣುತ್ತಿತ್ತು. “ಬಿಡಿಯಾಗಿ...” ಎಂದು ತನ್ನಷ್ಟಕ್ಕೆ ಅಂದುಕೊಂಡದ್ದು ಪಕ್ಕದಲ್ಲಿದ್ದ ಮಗಳೊಬ್ಬಳಿಗೆ ಕೇಳಿಸಿತು.

ಬೆರಳ ಹಿಂಭಾಗ ತಾಗಿಸಿ ನೋಡಿದಳು. ಅಂಟಲಿಲ್ಲ. ಮೂಲೆಯಿಂದ ಶುರುಮಾಡಿ ಇಂಚು ಇಂಚಾಗಿ ಕೂಡಿಸುತ್ತಾ, ತೆಳುವಾದ ಬೆರಳನ್ನು ಸಂದಿಯೊಳಗೆ ತೂರಿಸಿ ಒತ್ತುತ್ತಾ ಕೆಳಗಿನವರೆಗೆ ಬಂದಳು. ಕೈ ಬಿಟ್ಟಳು. ಬೀಡಿಂಗ್ ನಿಂತಿತು. ಚಾಲಕ ಹಿಡಿದು ಜಗ್ಗಿದ. ವ್ಯಾನೇ ಅಲುಗಿತು, ರಬ್ಬರ್ ಬಿಡಲಿಲ್ಲ.

ಕಾರ್ಯದರ್ಶಿ ಮೆಲ್ಲಗೆ ತಲೆದೂಗಿದ. “ನೋಡ್ರಪ್ಪಾ. ಥೇಟ್ ಅಪ್ಪನ ಕೈ.”

ಮಗಳು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ ಅಪ್ಪನ ಎದುರಿಗೆ ಬಂದು ನಿಂತಳು. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಆದರೆ ದನಿ ಏರಿಸದೆ ಕೇಳಿದಳು. “ಇದು ಯಾರ ಕೈ ಅಪ್ಪ? ಹೇಳಿ.”

ಅತ್ತೆ ಹೊಸ್ತಿಲಿಗೆ ಬಂದಿದ್ದಳು. ಎದುರುಮನೆಯಾಕೆ ಅವಳ ಹಿಂದಿದ್ದಳು. ಕುರ್ಚಿಯಲ್ಲಿ ಉಳಿದಿದ್ದ ಮುದುಕರೂ ಇತ್ತ ತಿರುಗಿದರು. ಅಪ್ಪ ಮಗಳ ಮುಖ ನೋಡಿದ. ಬೀಡಿಂಗ್ ನೋಡಿದ.

“ಇವಳಮ್ಮನೂ ಹೀಗೇ ಮಾಡ್ತಿದ್ಲು,” ಎಂದ.

ಮಗಳು ಕೈ ಒರೆಸುವುದನ್ನು ನಿಲ್ಲಿಸಿದಳು.

“ನಾನೇ ಕಲ್ಸಿದ್ದು,” ಎಂದ ಅಪ್ಪ. “ಇಬ್ಬರಿಗೂ. ಬಿಡಿಬಿಡಿಯಾಗಿ ಇಟ್ಟು ಒಣಗಿಸ್ಬೇಕು. ಅದೇ ಗುಟ್ಟು. ಅದನ್ನ ಹಾಳೇಲಿ ಬರೀಲಿಲ್ಲ ನಾನು. ಎಲ್ಲಾ ಬರೆದುಬಿಟ್ರೆ ಹೆಂಗೆ?”

ಅಂಗಳದಲ್ಲಿ ಬೆಳಗಿನಿಂದ ಮೊದಲ ಸಲ ಒಂದು ನಗು ಹಗುರವಾಗಿ ಹರಿಯಿತು. “ಅದಕ್ಕೇ ನಮ್ಮದ್ಯಾರದ್ದೂ ನಿಲ್ತಿರ್ಲಿಲ್ಲ. ಕಳ್ಳ ನೀವು,” ಎಂದು ಡಿಕ್ಕಿಯವನು ಅವನ ಬೆನ್ನು ತಟ್ಟಿದ. “ಹಂಗಾದ್ರೆ ಭಾನುವಾರ ಕಾರು ತಂದುಬಿಡ್ಲಾ?”

“ತನ್ನಿ. ಇವಳು ಇರ್ತಾಳೆ,” ಎಂದ ಅಪ್ಪ.

ಮಗಳು ಬಾಯಿ ತೆರೆದಳು. ಅತ್ತೆ ಬಂದು ಅವಳ ಹೆಗಲು ಬಳಸಿ, “ಅಳ್ಬಿಡು ಮಗಳೇ, ಬೆಳಗಿಂದ ತಡ್ಕೊಂಡಿದೀಯ,” ಎಂದು ಅವಳ ಮುಖವನ್ನು ತನ್ನ ಎದೆಗೆ ಒತ್ತಿಕೊಂಡಳು. ಅವಳು ಅತ್ತೆಯ ತೋಳಿನಿಂದ ಬಿಡಿಸಿಕೊಂಡು ಹೊರಬರುವ ಹೊತ್ತಿಗೆ ನಾಲ್ವರು ಒಳಗಿನಿಂದ ಅಮ್ಮನನ್ನು ಹೊತ್ತು ತಂದಾಗಿತ್ತು.

ಪಾದ ಹೊರಮುಖವಾಗಿ ವ್ಯಾನಿನೊಳಗೆ ಸರಿಸಿದರು. ಚಾಲಕ ಬಾಗಿಲಿಗೆ ಕೈ ಹಾಕಿದ.

“ತಡಿ,” ಎಂದ ಅಪ್ಪ. “ನಾನು ಹಾಕ್ತೀನಿ.”

ಎರಡು ಬೆರಳಲ್ಲಿ ಮೆಲ್ಲಗೆ ತಳ್ಳಿದ. ಬಾಗಿಲು ಹೆಚ್ಚು ಸದ್ದು ಮಾಡದೆ, ದಿಂಬಿನ ಮೇಲೆ ತಲೆ ಇಟ್ಟಂತೆ, ದುಪ್ ಎಂದು ಕೂತಿತು.

“ಕೇಳಿಸ್ತಾ?” ಎಂದು ಅಪ್ಪ ಜನರ ಕಡೆ ತಿರುಗಿದ. “ಒಂದು ಕಣ ಧೂಳು ಒಳಗೆ ಹೋಗಲ್ಲ ಈಗ.”

“ಈ ಕಡೆ ಕೇಳ್ಲಿಲ್ಲ ಡಾಕ್ಟ್ರೇ,” ಎಂದ ಹಿಂದಿನಿಂದ ಟೈಲರ್.

ಅಪ್ಪ ಬಾಗಿಲು ತೆರೆದ. ಮತ್ತೆ ಹಾಕಿದ. ಮುಂದಿದ್ದ ಇಬ್ಬರು ಹಿಂದಿನವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಟೈಲರ್ ಬಂದು ಬಾಗಿಲ ಹತ್ತಿರ ತಲೆ ಬಗ್ಗಿಸಿದ. ಅಪ್ಪ ಮೂರನೆಯ ಸಲ ಬಾಗಿಲು ತೆರೆದ. ಬಿಳಿ ಹೊದಿಕೆಯೊಳಗಿನ ಎರಡು ಪಾದಗಳು ಬಿಸಿಲಿಗೆ ಬಂದವು. ಕಾರ್ಯದರ್ಶಿ ಯಾರೂ ಮಾತಾಡಬೇಡಿ ಎಂದು ಎಲ್ಲರಿಗೂ ಕೈಸನ್ನೆ ಮಾಡಿ, ತಾನೂ ಕಿವಿಯನ್ನು ರಬ್ಬರಿನ ಬಳಿಗೆ ತಂದ.